ಎಕ್ಸ್ ತೆಗೆದು ವೈ ಹಾಕು, ಮಾರ್ಕ್ಸ್ ತಗೊಂಡು ಹೋಗು

ಬ್ಲಾಗಿನ ಕಡೆ ತಲೆ ಹಾಕದೆ ಮೂರು ತಿಂಗಳಾಯ್ತು. ಆಫೀಸು, ರಿಲೀಸು ಅಂತ ನೆಪಗಳು ಇದ್ದಿದ್ದೇ. ಇವತ್ತು ಬರೆಸ್ತಾ ಇರೋದು ಸಿಟ್ಟು. ಸ್ವಲ್ಪ ಸಹಿಸಿಕೊಳ್ಳಿ.

ಮೊನ್ನೆ ಭಾನುವಾರ ಊರಿಗೆ ಹೋಗಿದ್ದೆ. ಚಿಕ್ಕಪ್ಪನ ಮಗಳು ಎರಡನೇ ಪಿಯುಸಿ, ಸೈನ್ಸು. ಎಸ್ಸೆಸ್ಸೆಲ್ಸಿವರೆಗೂ ಕನ್ನಡ ಮೀಡಿಯಂನಲ್ಲಿ ಓದಿದವಳು. ಮ್ಯಾಥ್ಸ್ ನೋಟ್ಸ್ ಹರಡಿಕೊಂಡು ಕೂತಿದ್ಲು. ಇನ್ವರ್ಸ್ ಫಂಕ್ಷನ್ ಪಾಠ. ಕೆಂಪು ಇಂಕಿನಲ್ಲಿ ಬಾಕ್ಸ್ ಹಾಕಿ ಬರೆದಿತ್ತು: ‘ಎಕ್ಸ್ ಇದ್ದಲ್ಲಿ ವೈ ಹಾಕಿ, ವೈ ಇದ್ದಲ್ಲಿ ಎಕ್ಸ್ ಹಾಕಿ, ವೈ ಬೆಲೆ ಕಂಡುಹಿಡಿಯಿರಿ. ಅದೇ ಇನ್ವರ್ಸ್.’ ಅದರ ಕೆಳಗೆ ಗ್ರಾಫಿಗೂ ಒಂದು ಬಾಕ್ಸು: ‘ಬ್ರಾಕೆಟ್ ಒಳಗೆ ಮೈನಸ್ ಇದ್ರೆ ಬಲಕ್ಕೆ, ಪ್ಲಸ್ ಇದ್ರೆ ಎಡಕ್ಕೆ. ಉಲ್ಟಾ ಅಂತ ನೆನಪಿಡಿ.’

“ಯಾಕೆ ಪುಟ್ಟಿ ಉಲ್ಟಾ?” ಅಂದೆ.

“ಅದು ಹಂಗೇ ಅಣ್ಣಾ. ಕೇಳಿದ್ರೆ ಸರ್ ಬೈತಾರೆ.” ಸ್ವಲ್ಪ ಹೊತ್ತು ಬಿಟ್ಟು, “ನಂಗೆ ಮ್ಯಾಥ್ಸ್ ತಲೆಗೆ ಹತ್ತಲ್ಲ ಬಿಡು. ಮುಂದೆ ಮ್ಯಾಥ್ಸ್ ಇಲ್ಲದ ಕೋರ್ಸ್ ಯಾವುದಾದ್ರೂ ತಗೋತೀನಿ” ಅಂದ್ಲು.

ನನಗೆ ರೇಗಿದ್ದು ಅಲ್ಲೇ. ತಲೆಗೆ ಹತ್ತೋದಕ್ಕೆ ಅಲ್ಲಿ ಇತ್ತಾದರೂ ಏನು? ಆ ಎರಡು ಬಾಕ್ಸಿನಲ್ಲಿ ಗಣಿತವೇ ಇಲ್ಲ. ಅಡುಗೆ ರೆಸಿಪಿ ಇದೆ, ಅದೂ ರುಚಿ ನೋಡಬಾರದು ಅನ್ನೋ ಷರತ್ತಿನ ಮೇಲೆ.

ನೋಟ್ಸ್ ಮುಚ್ಚಿಸಿದೆ. ಬೆಂಗಳೂರಿಗೆ ಬಂದಾಗ ಆಟೋ ಹತ್ತಿದ್ಯಲ್ಲ, ಅದರ ಮೀಟರ್ ಲೆಕ್ಕ ಹಾಕೋಣ ಬಾ ಅಂದೆ. (ಮೀಟರ್ ಹಾಕೋ ಆಟೋ ಎಲ್ಲಿದೆ ಅಂತ ನೀವು ನಗಬೇಡಿ!) 2025ರ ಆಗಸ್ಟ್ 1ರಿಂದ ಬೆಂಗಳೂರಿನಲ್ಲಿ ಮೊದಲ 2 ಕಿಲೋಮೀಟರಿಗೆ 36 ರೂಪಾಯಿ, ಆಮೇಲೆ ಪ್ರತಿ ಕಿಲೋಮೀಟರಿಗೆ 18. ಕಾಯೋ ಚಾರ್ಜು, ಚಿಲ್ಲರೆ ಲೆಕ್ಕ ಎಲ್ಲಾ ಬಿಡೋಣ. ದೂರ ಒಳಗೆ ಹೋಗುತ್ತೆ, ದುಡ್ಡು ಹೊರಗೆ ಬರುತ್ತೆ. ಫಂಕ್ಷನ್ ಅಂದ್ರೆ ಇಷ್ಟೇ.

ಅವಳ ಕೈಲೇ ಗ್ರಾಫ್ ಬರೆಸಿದೆ. 2 ಕಿಮೀವರೆಗೆ ಗೆರೆ 36ರಲ್ಲಿ ಮಟ್ಟಸವಾಗಿ ಮಲಗಿರುತ್ತೆ, ಆಮೇಲೆ ಏರುತ್ತೆ. ರಾತ್ರಿ 10ರಿಂದ ಬೆಳಗಿನ 5ರವರೆಗೆ ಒಂದೂವರೆ ಪಟ್ಟು: ಗ್ರಾಫ್ ಮೇಲಕ್ಕೆ ಹಿಗ್ಗಿತು. ‘ಮೀಟರ್ ಮೇಲೆ ಇಪ್ಪತ್ತು ಕೊಡಿ ಸಾರ್’ ಅಂದ್ರು: ಇಡೀ ಗ್ರಾಫ್ 20 ಮೇಲಕ್ಕೆ ಸರಿಯಿತು. ಎರಡು ಕಿಮೀ ದಾಟಿದ ಮೇಲಿನ ಸೂತ್ರ: 36 + 18 × (ಕಿಮೀ – 2). ಬ್ರಾಕೆಟ್ ಒಳಗೆ ಮೈನಸ್ 2 ಇದೆ, ಆದರೆ ಏರೋ ಗೆರೆ ಬಲಕ್ಕೆ ಹೋಗಿದೆ. ಯಾಕೆ ಅಂತ ಮತ್ತೆ ಕೇಳಿದೆ. ಅರ್ಧ ನಿಮಿಷ ಸುಮ್ಮನೆ ನೋಡಿದ್ಲು.

“18ರ ಲೆಕ್ಕ ಎರಡು ಕಿಲೋಮೀಟರ್ ತಡವಾಗಿ ಶುರುವಾಗುತ್ತೆ. ಅದಕ್ಕೇ ಬಲಕ್ಕೆ!”

ತಲೆಗೆ ಹತ್ತಲ್ಲ ಅಂದ ಹುಡುಗಿ ಹೇಳಿದ ಮಾತು ಇದು. ಇದರಲ್ಲಿ ‘ಉಲ್ಟಾ’ ಏನೂ ಇಲ್ಲ.

ಈಗ ಇನ್ವರ್ಸ್. 90 ರೂಪಾಯಿ ಕೊಟ್ಟೆ, ಎಷ್ಟು ದೂರ ಬಂದೆ? ಹೋಗುವಾಗ 2 ಕಳೆದು, 18ರಿಂದ ಗುಣಿಸಿ, 36 ಕೂಡಿಸಿದ್ವಿ. ವಾಪಸ್ ಬರುವಾಗ ಕೊನೆಯಿಂದ ಶುರು: 36 ಕಳೆ, 54. 18ರಿಂದ ಭಾಗಿಸು, 3. 2 ಕೂಡಿಸು, 5 ಕಿಲೋಮೀಟರು. ಬಂದ ದಾರಿಯಲ್ಲೇ ಹಿಂದಕ್ಕೆ ನಡೆಯೋದು. ಎಕ್ಸ್–ವೈ ಅದಲು ಬದಲು ಎಲ್ಲಿ ಬಂತು? ಇಲ್ಲಿ ಅದಲು ಬದಲು ಮಾಡಿದ್ರೆ ಕಿಲೋಮೀಟರ್ ಅಂತ ಬರೆದ ಜಾಗದಲ್ಲಿ ರೂಪಾಯಿ ಕೂತಿರುತ್ತೆ, ಅಷ್ಟೇ. ಎರಡೂ ಗ್ರಾಫನ್ನು ಒಂದೇ ಹಾಳೆಯಲ್ಲಿ ಬರೆದು, ವೈ = ಎಕ್ಸ್ ಗೆರೆಯನ್ನು ಕನ್ನಡಿ ಮಾಡಿಕೊಂಡು ನೋಡೋದಕ್ಕೆ ಅದು ಅನುಕೂಲ, ಒಪ್ತೀನಿ. ಆದರೆ ಆ ಅನುಕೂಲವನ್ನೇ ಅರ್ಥ ಅಂತ ಹೇಳಿಕೊಡೋದು ಮೋಸ.

ಕೊನೇ ಪ್ರಶ್ನೆ: 36 ರೂಪಾಯಿ ಕೊಟ್ಟೆ, ಎಷ್ಟು ದೂರ? ಅರ್ಧ ಕಿಮೀ ಇರಬಹುದು, ಎರಡೂ ಇರಬಹುದು. ಹೇಳೋಕಾಗಲ್ಲ, ವಾಪಸ್ ದಾರಿಯೇ ಇಲ್ಲ. ‘ಒನ್-ಒನ್ ಆಗಿರಬೇಕು’ ಅಂತ ಉರು ಹೊಡೀತಾರಲ್ಲ, ಅದರ ಹೂರಣ ಇಷ್ಟೇ. ಸೈನ್ 120 ಡಿಗ್ರಿಯ ಸೈನ್ ಇನ್ವರ್ಸ್ 120 ಬರದೆ 60 ಯಾಕೆ ಬರುತ್ತೆ ಅಂತ ಪ್ರತಿ ವರ್ಷ ಮಕ್ಕಳು ಒದ್ದಾಡ್ತಾರೆ. ಸೈನ್ 60, ಸೈನ್ 120 ಎರಡೂ ಒಂದೇ. ಅದಕ್ಕೇ –90ರಿಂದ 90 ಡಿಗ್ರಿ ಒಳಗಿನ ಕೋನವನ್ನೇ ಉತ್ತರ ಅಂತ ತಗೋಳೋಣ ಅನ್ನೋದು ಒಂದು ಒಪ್ಪಂದ. 36 ರೂಪಾಯಿಯ ಸಮಸ್ಯೆಯೇ ಇದೂ.

ಇನ್ನು ನಾನೇನು ಸಾಚಾ ಅಲ್ಲ. ನಾನೂ ಇದೇ ಬಾಕ್ಸ್ ಉರು ಹೊಡೆದು ಮಾರ್ಕ್ಸ್ ತಗೊಂಡವನೇ. ಕೆಲಸಕ್ಕೆ ಸೇರಿದ ಹೊಸತರಲ್ಲಿ, ರೂಪಾಯಿಗೆ ರೌಂಡ್ ಮಾಡಿದ ಬಿಲ್ಲಿನಿಂದ ಮೂಲ ಮೊತ್ತ ವಾಪಸ್ ತೆಗೆಯೋ ಕೋಡ್ ಬರೀತಾ ಎರಡು ದಿನ ಬಗ್ ಹುಡುಕಿದೆ. 100.20 ಕೂಡ 100, 100.40 ಕೂಡ 100. ಬಗ್ ಇದ್ದಿದ್ದು ನನ್ನ ತಲೆಯಲ್ಲಿ. ಇನ್ವರ್ಸ್ ಇಲ್ಲದ ಕಡೆ ಇನ್ವರ್ಸ್ ಹುಡುಕ್ತಾ ಇದ್ದೆ!

ಲೆಕ್ಚರರ್ ಮಿತ್ರರು ಹೇಳೋದು ಗೊತ್ತು: ಪೋರ್ಷನ್ ಮುಗೀಬೇಕು, ಸಿಇಟಿಯಲ್ಲಿ 60 ಪ್ರಶ್ನೆಗೆ 80 ನಿಮಿಷ, ಅಂದ್ರೆ ಪ್ರಶ್ನೆಗೆ 80 ಸೆಕೆಂಡು. ಟ್ರಿಕ್ ಇಲ್ಲದೆ ಆಗಲ್ಲ. ಸರಿ ಸ್ವಾಮಿ, ಟ್ರಿಕ್ ಕೊಡಿ. ಅರ್ಥ ಹೇಳಿದ ಮೇಲೆ ಕೊಡಿ. ನಾವು ಆಟೋ ಲೆಕ್ಕ ಮುಗಿಸೋಕೆ ತಗೊಂಡಿದ್ದು ಇಪ್ಪತ್ತು ನಿಮಿಷ, ಮಧ್ಯೆ ಕಾಫಿನೂ ಆಯ್ತು. ಎನ್‌ಸಿಇಆರ್‌ಟಿ ಪುಸ್ತಕವನ್ನೂ ಬೈಯೋ ಹಾಗಿಲ್ಲ. ಹೋಗಿ ವಾಪಸ್ ಬಂದ್ರೆ ಹೊರಟಲ್ಲಿಗೇ ಬರಬೇಕು ಅನ್ನೋ ವ್ಯಾಖ್ಯೆ ಅದರಲ್ಲಿ ಸರಿಯಾಗೇ ಇದೆ. ಅದನ್ನು ಹಾರಿಸಿ ಕೆಂಪು ಬಾಕ್ಸಿಗೆ ಇಳಿಸಿದ್ದು ನಾವು.

ಕನ್ನಡ ಮೀಡಿಯಂನಿಂದ ಬಂದ ಮಕ್ಕಳಿಗೆ ಇದರ ಪೆಟ್ಟು ಇನ್ನೂ ಜೋರು. ಇಂಗ್ಲಿಷೂ ಹೊಸದು, ಅರ್ಥವೂ ಇಲ್ಲ. ಉಳಿಯೋದು ಬಾಯಿಪಾಠ. ಬಾಯಿಪಾಠ ಮರೆತಾಗ ‘ನಾನೇ ದಡ್ಡಿ’ ಅನ್ನೋ ತೀರ್ಮಾನ. ವಿಲೋಮ ಅನ್ನೋ ಪದ ಅವಳಿಗೆ ಹೈಸ್ಕೂಲಿನಿಂದ ಗೊತ್ತು. ಇನ್ವರ್ಸ್ ಅಂದ್ರೆ ಅದೇ ಅಂತ ಯಾರೂ ಹೇಳಿರಲಿಲ್ಲ.

ನಾವಿಷ್ಟು ಜನ ಬ್ಲಾಗರ್ಸ್ ಇದ್ದೀವಿ, ಅದರಲ್ಲಿ ಅರ್ಧ ಇಂಜಿನಿಯರ್‌ಗಳೇ. ಮಳೆ, ಮೌನ, ಹಳೇ ಪ್ರೀತಿ ಅಂತ ಬರೆದಿದ್ದು ಸಾಕಷ್ಟಾಯ್ತು (ನಾನೂ ಬರೆದಿದ್ದೀನಿ :-) ). ಒಬ್ಬೊಬ್ಬರು ಪಿಯುಸಿ ಗಣಿತದ ಒಂದೊಂದು ಪಾಠವನ್ನು ಹೀಗೆ ಕನ್ನಡದಲ್ಲಿ ಬಿಡಿಸಿ ಬರೆದ್ರೆ ಏನು ಹೋಗುತ್ತೆ? ನಾನು ಇನ್ವರ್ಸ್ ತಗೊಂಡೆ. ಲಿಮಿಟ್ಸ್ ಯಾರು ತಗೋತೀರಿ?

ಅಂದಹಾಗೆ, ಹೊರಡುವಾಗ ಪುಟ್ಟಿ ಕೇಳಿದ್ಲು: “ಅಣ್ಣಾ, ವರ್ಗ ಮಾಡಿದ್ರೆ 3, ಮೈನಸ್ 3 ಎರಡೂ 9 ಆಗುತ್ತಲ್ಲ, ಅದೂ 36 ರೂಪಾಯಿ ಥರಾನೇ ತಾನೆ?”

ಹೂಂ ಪುಟ್ಟಿ, ಅದೂ ಅದೇ.