ಮರದ ರಾಜದಂಡದ ರಾಣಿ

ಓದಿ ಹೇಳುವ ಅಜ್ಜ-ಅಜ್ಜಿಯರೇ, ಕನ್ನಡಕ ಸಿಕ್ಕಿತೇ? ಹಾಗಾದರೆ ಶುರು ಮಾಡೋಣ.

ಮೊನ್ನೆ ರಾತ್ರಿ ಊಟಕ್ಕೆ ಕೂತಾಗ ನನ್ನ ಮೊಮ್ಮಗಳು ಪುಟ್ಟಿ ಮುಖ ಊದಿಸಿಕೊಂಡಿದ್ದಳು. ಶಾಲೆಯ ನಾಟಕದಲ್ಲಿ ರಾಜನ ಪಾತ್ರ ತನಗೆ ಬೇಕು ಎಂದಿದ್ದಕ್ಕೆ ಕ್ಲಾಸಿನ ಹುಡುಗರೆಲ್ಲ ನಕ್ಕರಂತೆ. "ಅಜ್ಜೀ, ಹುಡುಗಿ ರಾಜ ಆಗೋಕೆ ಆಗಲ್ವಾ? ರಾಣಿ ಅಲ್ಲ, ರಾಜ!" ಎಂದಳು.

"ಆಗಿದ್ದಾಳೆ ಕಣೇ. ಅದೂ ನಿನ್ನಷ್ಟೇ ವಯಸ್ಸಿಗೆ, ಹತ್ತು ವರ್ಷಕ್ಕೆ" ಎಂದೆ. ಎತ್ತಿದ ತುತ್ತು ಅವಳ ಕೈಯಲ್ಲೇ ಉಳಿಯಿತು. ಅವಳಿಗೆ ಹೇಳಿದ ಕಥೆಯನ್ನೇ ಇವತ್ತು ನಿಮಗೂ ಹೇಳುತ್ತೇನೆ.

ಇದು ಯೂರೋಪಿನ ಪೋಲೆಂಡ್ ದೇಶದಲ್ಲಿ 600 ವರ್ಷಗಳಿಗೂ ಹಿಂದೆ ನಡೆದದ್ದು. ಹುಡುಗಿಯ ಹೆಸರು ಯಾದ್ವಿಗಾ. ಹುಟ್ಟಿದ್ದು ಹಂಗೇರಿಯಲ್ಲಿ. ಅವಳ ತಂದೆ ಲೂಯಿ ಹಂಗೇರಿ, ಪೋಲೆಂಡ್ ಎರಡಕ್ಕೂ ದೊರೆ. ಅವನಿಗೆ ಗಂಡುಮಕ್ಕಳಿರಲಿಲ್ಲ. 1382ರಲ್ಲಿ ಅವನು ತೀರಿಕೊಂಡಾಗ ಹಂಗೇರಿಯ ಸಿಂಹಾಸನ ಅಕ್ಕ ಮರಿಯಾಳಿಗೆ ಹೋಯಿತು. ಪೋಲೆಂಡಿನ ಸರದಾರರು ಮಾತ್ರ, ನಮ್ಮನ್ನು ಆಳುವವರು ನಮ್ಮ ನಡುವೆಯೇ ಇರಬೇಕು ಎಂದು ಪಟ್ಟು ಹಿಡಿದು ತಂಗಿಯನ್ನು ಕರೆಸಿಕೊಂಡರು.

1384ರ ಅಕ್ಟೋಬರ್ 16ರಂದು ಕ್ರಾಕೋವ್ ನಗರದಲ್ಲಿ ಅವಳಿಗೆ ಪಟ್ಟಾಭಿಷೇಕವಾಯಿತು. ಆ ಕಾಲದಲ್ಲಿ ರಾಣಿ ಎಂದರೆ ರಾಜನ ಹೆಂಡತಿ ಎಂದೇ ಲೆಕ್ಕ. ಇವಳು ಯಾರದೋ ಹೆಂಡತಿಯಾಗಿ ಬಂದವಳಲ್ಲ, ತಾನೇ ಆಳುವವಳು. ಅದಕ್ಕೇ 'ರಾಜ' ಎಂದೇ ಪಟ್ಟ ಕಟ್ಟಿದರು.

"ಹಾಗಾದ್ರೆ ಅವಳು ಹೇಳಿದ್ದೇ ಆಗ್ತಿತ್ತಾ?" ಎಂದು ಪುಟ್ಟಿ ಕಣ್ಣರಳಿಸಿದಳು.

ಅದೇ ಇಲ್ಲ, ಮಕ್ಕಳೇ. ತಲೆಯ ಮೇಲೆ ಕಿರೀಟವಿತ್ತು, ಆದರೆ ಅವಳ ಬಾಳಿನ ದೊಡ್ಡ ತೀರ್ಮಾನಗಳನ್ನೆಲ್ಲ ಬೇರೆಯವರೇ ಮಾಡಿದರು. ಇನ್ನೂ ಆಟವಾಡುವ ವಯಸ್ಸಿನಲ್ಲೇ ಆಸ್ಟ್ರಿಯಾದ ರಾಜಕುಮಾರ ವಿಲಿಯಂ ಜೊತೆ ಅವಳ ಸಂಬಂಧ ಗೊತ್ತು ಮಾಡಿದ್ದರು. ಪೋಲೆಂಡಿನ ಸರದಾರರಿಗೆ ಅವನು ಬೇಡವಾದ. ಪಕ್ಕದ ಲಿಥುವೇನಿಯಾದ ದೊರೆ ಯೊಗೈಲಾ, ತಾನೂ ತನ್ನ ಜನರೂ ಕ್ರೈಸ್ತರಾಗುತ್ತೇವೆ, ಎರಡೂ ರಾಜ್ಯಗಳು ಒಂದಾಗಿ ಇರೋಣ ಎಂದು ಮಾತು ಕೊಟ್ಟಿದ್ದ. ವಿಲಿಯಂ ಕ್ರಾಕೋವಿಗೆ ಬಂದರೂ ಅವನನ್ನು ವಾಪಸು ಕಳಿಸಿದರು. ಅವನನ್ನು ನೋಡಲು ಬಿಡದೆ ಕೋಟೆಯ ಬಾಗಿಲು ಮುಚ್ಚಿದಾಗ, ಪುಟ್ಟ ಯಾದ್ವಿಗಾ ಕೊಡಲಿ ತರಿಸಿಕೊಂಡು ಬಾಗಿಲು ಒಡೆಯಲು ಹೊರಟಳೆಂದು ಒಂದು ಕಥೆಯಿದೆ. ಕೊನೆಗೆ 1386ರ ಫೆಬ್ರವರಿಯಲ್ಲಿ ಯೊಗೈಲಾನ ಜೊತೆಯೇ ಮದುವೆ. ಅವಳಿಗಿನ್ನೂ ಹನ್ನೆರಡು. ಅವನು ಎಷ್ಟೋ ವರ್ಷ ದೊಡ್ಡವನು.

"ಪಾಪ. ಯಾರೂ ಅವಳನ್ನ ಕೇಳಲೇ ಇಲ್ವಾ?"

ಇಲ್ಲ ಪುಟ್ಟಿ. ರಾಜ್ಯಕ್ಕೆ ಅದರಿಂದ ಬಲ ಬಂತು, ನಿಜ. ಆದರೆ ಹನ್ನೆರಡು ವರ್ಷದ ಮಗುವಿಗೆ ಮಾಡುವ ಕೆಲಸವಲ್ಲ ಅದು. ಸಂತರ ಕಥೆ ಹೇಳುತ್ತೇವೆಂದು ತಪ್ಪನ್ನು ಸರಿ ಎನ್ನಬಾರದು.

ಹಾಗಿದ್ದರೂ ಆ ಹುಡುಗಿ ಕಲ್ಲಾಗಲಿಲ್ಲ. ಒಮ್ಮೆ ರಾಜನ ಕಡೆಯವರು ಬಡ ರೈತರ ದನಗಳನ್ನು ಹಿಡಿದುಕೊಂಡು ಹೋದರಂತೆ. ಯಾದ್ವಿಗಾ ಗಂಡನಿಗೆ ಹೇಳಿ ದನಗಳನ್ನು ಬಿಡಿಸಿಕೊಟ್ಟಳು. ಆಮೇಲೂ ಅವಳಿಗೆ ಸಮಾಧಾನವಿಲ್ಲ. ದನವೇನೋ ವಾಪಸು ಬಂತು, ಆ ಜನ ಸುರಿಸಿದ ಕಣ್ಣೀರನ್ನು ಯಾರು ವಾಪಸು ಕೊಡುತ್ತಾರೆ ಎಂದು ಕೇಳಿದಳಂತೆ. ಪೋಲೆಂಡಿನ ಜನ ಈ ಮಾತನ್ನು ಇವತ್ತಿಗೂ ನೆನೆಯುತ್ತಾರೆ.

ಇನ್ನೊಂದು ಕಥೆ. ಕ್ರಾಕೋವಿನಲ್ಲಿ ಒಂದು ಚರ್ಚು ಕಟ್ಟುತ್ತಿದ್ದಾಗ ಒಬ್ಬ ಕಲ್ಲುಕುಟಿಗ ಅಳುತ್ತಾ ಕೆಲಸ ಮಾಡುತ್ತಿದ್ದನಂತೆ. ಹೆಂಡತಿಗೆ ಕಾಯಿಲೆ, ವೈದ್ಯರಿಗೆ ಕೊಡಲು ಕಾಸಿಲ್ಲ. ಯಾದ್ವಿಗಾ ಕಾಲನ್ನು ಕಲ್ಲಿನ ಮೇಲಿಟ್ಟು, ಪಾದರಕ್ಷೆಯ ಚಿನ್ನದ ಕೊಂಡಿಯನ್ನೇ ಕಿತ್ತು ಅವನ ಕೈಗಿತ್ತಳು. ಅವಳ ಹೆಜ್ಜೆಯ ಗುರುತು ಎಂದು ಹೇಳುವ ಕಲ್ಲನ್ನು ಆ ಚರ್ಚಿನ ಗೋಡೆಯಲ್ಲಿ ಈಗಲೂ ತೋರಿಸುತ್ತಾರೆ.

ಈಗ ನಾನು ಹೇಳಬೇಕೆಂದಿದ್ದ ವಿಷಯಕ್ಕೆ ಬರುತ್ತೇನೆ. ಕ್ರಾಕೋವಿನಲ್ಲಿ 1364ರಲ್ಲಿ ಕಾಸಿಮಿರ್ ಎಂಬ ರಾಜ ಒಂದು ವಿಶ್ವವಿದ್ಯಾಲಯ ತೆರೆದಿದ್ದ. ಅವನು ಸತ್ತ ಮೇಲೆ ಅದು ಸೊರಗಿಹೋಯಿತು. ಅದನ್ನು ಮತ್ತೆ ಎಬ್ಬಿಸಬೇಕೆಂದು ಯಾದ್ವಿಗಾ ಹಟ ತೊಟ್ಟಳು. ಅಲ್ಲಿ ಧರ್ಮಶಾಸ್ತ್ರ ಕಲಿಸಲು 1397ರಲ್ಲಿ ಪೋಪರಿಂದ ಅನುಮತಿ ಸಿಕ್ಕಿತು. ಪ್ರಾಗ್ ನಗರದಲ್ಲಿ ಓದುವ ಲಿಥುವೇನಿಯಾದ ಹುಡುಗರಿಗಾಗಿ ಅವಳು ಒಂದು ವಿದ್ಯಾರ್ಥಿ ನಿಲಯವನ್ನೂ ಮಾಡಿಸಿದಳು.

1399ರ ಜೂನ್‌ನಲ್ಲಿ ಅವಳಿಗೆ ಹೆಣ್ಣುಮಗು ಹುಟ್ಟಿತು. ಮೂರೇ ವಾರಕ್ಕೆ ಮಗು ತೀರಿಕೊಂಡಿತು. ನಾಲ್ಕು ದಿನ ಕಳೆದು, ಜುಲೈ 17ರಂದು, ತಾಯಿಯೂ ಹೋದಳು. ವಯಸ್ಸು ಇಪ್ಪತ್ತೈದು. ತಾಯಿ ಮಗು ಇಬ್ಬರನ್ನೂ ಕ್ರಾಕೋವಿನ ವಾವೆಲ್ ಗುಡ್ಡದ ದೊಡ್ಡ ಚರ್ಚಿನಲ್ಲಿ ಒಟ್ಟಿಗೇ ಮಣ್ಣು ಮಾಡಿದರು.

ಸಾಯುವ ಮುಂಚೆ ಅವಳು ತನ್ನ ಒಡವೆಗಳನ್ನು ವಿಶ್ವವಿದ್ಯಾಲಯಕ್ಕೆ ಬರೆದಿಟ್ಟಿದ್ದಳು. ಆ ದುಡ್ಡಿನ ಬಲದಿಂದ 1400ರಲ್ಲಿ ಅವಳ ಗಂಡ ಅದನ್ನು ಮತ್ತೆ ತೆರೆದ. ಮುಂದೆ 1491ರಲ್ಲಿ ಅಲ್ಲಿಗೆ ಓದಲು ಬಂದ ಒಬ್ಬ ಹುಡುಗನ ಹೆಸರು ಕೋಪರ್ನಿಕಸ್. ಹೌದು, ಭೂಮಿಯೇ ಸೂರ್ಯನ ಸುತ್ತ ತಿರುಗುತ್ತದೆ ಎಂದು ಹೇಳಿದ ಅದೇ ಕೋಪರ್ನಿಕಸ್! ಆ ವಿಶ್ವವಿದ್ಯಾಲಯಕ್ಕೆ ಈಗ ಯಾಗಿಯೆಲ್ಲೋನಿಯನ್ ಎಂದು ಹೆಸರು. ಯೊಗೈಲಾನ ವಂಶದ ಹೆಸರು ಅದು.

"ಒಡವೆ ಇವಳದು, ಹೆಸರು ಅವನದಾ?" ಎಂದು ಪುಟ್ಟಿ ರೇಗಿದಳು. ನನಗೆ ನಗು ತಡೆಯಲಾಗಲಿಲ್ಲ.

ಎಷ್ಟೋ ಶತಮಾನಗಳ ಮೇಲೆ ಯಾದ್ವಿಗಾಳ ಸಮಾಧಿ ತೆರೆದರು. ಅವಳ ಪಕ್ಕದಲ್ಲಿದ್ದ ರಾಜದಂಡ ಮರದ್ದು. ರಾಜರು ಕೈಯಲ್ಲಿ ಹಿಡಿಯುವ ಗೋಲವೂ ಚಿನ್ನದ್ದಲ್ಲ. ಸಮಾಧಿಯಲ್ಲಿ ಅಸಲಿ ಬಿಟ್ಟು ಅಗ್ಗದ್ದನ್ನು ಇಡುವ ರೂಢಿ ಬೇರೆ ರಾಜರಿಗೂ ಇತ್ತು. ಆದರೆ ಪೋಲೆಂಡಿನ ಜನಕ್ಕೆ ಅದರ ಅರ್ಥವೇ ಬೇರೆ: ಚಿನ್ನವೆಲ್ಲ ಶಾಲೆಗೆ ಹೋಯಿತು, ರಾಣಿಗೆ ಮರ ಉಳಿಯಿತು. 1997ರ ಜೂನ್ 8ರಂದು ಪೋಪ್ ಎರಡನೇ ಜಾನ್ ಪಾಲ್ ಕ್ರಾಕೋವಿನಲ್ಲೇ ಅವಳಿಗೆ ಸಂತ ಪದವಿ ಕೊಟ್ಟರು. ಅವರೂ ಅದೇ ವಿಶ್ವವಿದ್ಯಾಲಯದಲ್ಲಿ ಓದಿದವರು.

ಒಂದು ಮಾತು ಮಾತ್ರ ನನ್ನ ಮನಸ್ಸಿಗೆ ಚುಚ್ಚುತ್ತದೆ. ಒಡವೆ ಕೊಟ್ಟ ಯಾದ್ವಿಗಾ ಅಲ್ಲಿ ಬೆಂಚಿನ ಮೇಲೆ ಕೂತು ಪಾಠ ಕೇಳುವಂತಿರಲಿಲ್ಲ. ಅಲ್ಲಿ ಓದುವುದೆಲ್ಲ ಗಂಡುಮಕ್ಕಳಿಗೆ. ಹೆಣ್ಣುಮಕ್ಕಳಿಗೆ ಬಾಗಿಲು ತೆರೆದದ್ದು 1894ರಲ್ಲಿ, ಹತ್ತಿರ ಹತ್ತಿರ ಐನೂರು ವರ್ಷ ಆದ ಮೇಲೆ. ಮೊದಲು ಒಳಗೆ ಹೋದ ಮೂವರು ಹುಡುಗಿಯರಲ್ಲಿ ಒಬ್ಬಳ ಹೆಸರೇನು ಗೊತ್ತೇ? ಯಾದ್ವಿಗಾ!

ಇದನ್ನು ಹೇಳುವಾಗ ನನಗೆ ನಮ್ಮಮ್ಮನ ನೆನಪಾಯಿತು. ಅವಳಿಗೆ ಸಹಿ ಹಾಕಲೂ ಬರುತ್ತಿರಲಿಲ್ಲ, ಹೆಬ್ಬೆಟ್ಟು ಒತ್ತುತ್ತಿದ್ದಳು. ನಾನು ಟಿ.ಸಿ.ಎಚ್. ಓದಿ ಟೀಚರ್ ಆಗಬೇಕೆಂದಾಗ ಇದ್ದ ಎರಡು ಚಿನ್ನದ ಬಳೆ ಬಿಚ್ಚಿ ಅಪ್ಪನ ಕೈಗೆ ಕೊಟ್ಟಳು. ಆಮೇಲೆ ಕೊನೆತನಕ ಗಾಜಿನ ಬಳೆ. ತಾನು ಒಂದು ದಿನವೂ ಕೂರದ ಶಾಲೆಗೆ ತನ್ನ ಚಿನ್ನ ಕೊಟ್ಟವರು ರಾಣಿಯರಷ್ಟೇ ಅಲ್ಲ. ನಿಮ್ಮ ಮನೆಯಲ್ಲೂ ಅಂಥವರು ಇರಬಹುದು. ಇವತ್ತು ಅಜ್ಜಿಯ ಪಕ್ಕ ಕೂತು ಕೇಳಿ ನೋಡಿ.

ಇನ್ನು ಪುಟ್ಟಿಯ ವಿಷಯ. ಮಾರನೇ ದಿನ ಅವಳು ಟೀಚರ್ ಮುಂದೆ ಈ ಕಥೆಯನ್ನೆಲ್ಲ ಒದರಿದಳಂತೆ. ರಾಜನ ಪಾತ್ರ ಅವಳಿಗೇ ಸಿಕ್ಕಿತು. ಈಗ ನಮ್ಮನೆಯ ಲಟ್ಟಣಿಗೆಗೆ ಬಂಗಾರದ ಕಾಗದ ಸುತ್ತುತ್ತಾ ಕೂತಿದ್ದಾಳೆ.

"ರಾಜದಂಡ ಮರದ್ದಾದ್ರೂ ನಡೆಯುತ್ತೆ ಅಲ್ವಾ ಅಜ್ಜೀ?"

ನಡೆಯುತ್ತೆ ಕಂದಾ. ಚಪಾತಿ ಮಾಡೋ ಹೊತ್ತಿಗೆ ವಾಪಸು ಕೊಟ್ಟರೆ ಸಾಕು.

ಮುಂದಿನ ವಾರ ಸಿಗೋಣ.