ಕತ್ತಲೆಯ ಪರಿಚಯವಷ್ಟೇ ಸಾಲದು

ಉತ್ತರ ಅಮೆರಿಕದ ವಿದ್ಯುತ್ ಜಾಲವನ್ನು ಕಾಯುವವರು 2011ರಿಂದ ಎರಡು ವರ್ಷಗಳಿಗೊಮ್ಮೆ, ನವೆಂಬರ್ ತಿಂಗಳಿನಲ್ಲಿ, ‘ಗ್ರಿಡ್‌ಎಕ್ಸ್’ ಎಂಬ ಅಣಕು ಕಾರ್ಯಾಚರಣೆಯನ್ನು ನಡೆಸುತ್ತಿದ್ದಾರೆ. ಜಾಲದ ಸುಭದ್ರತೆಯ ಹೊಣೆ ಹೊತ್ತ ಎನ್‌ಇಆರ್‌ಸಿ ಸಂಸ್ಥೆಯೇ ಇದರ ಸೂತ್ರಧಾರ. ಗಣಕಜಾಲಕ್ಕೆ ಕನ್ನ ಬಿದ್ದಿದೆ, ಉಪಕೇಂದ್ರಗಳ ಮೇಲೆ ದಾಳಿಯಾಗಿದೆ ಎಂದು ಭಾವಿಸಿಕೊಂಡು, ಯಾರು ಯಾರಿಗೆ ಸುದ್ದಿ ಮುಟ್ಟಿಸಬೇಕು, ಯಾವ ತೀರ್ಮಾನ ಕೈಗೊಳ್ಳಬೇಕು ಎಂಬುದನ್ನು ಪಾಲ್ಗೊಂಡ ಸಂಸ್ಥೆಗಳು ಪರೀಕ್ಷಿಸಿಕೊಳ್ಳುತ್ತವೆ. ಈ ತಾಲೀಮಿನಿಂದ ಯಾರ ಮನೆಯ ದೀಪವೂ ಆರುವುದಿಲ್ಲ.

ಇದು ವ್ಯರ್ಥ ಆಡಂಬರವಲ್ಲ. 2003ರ ಆಗಸ್ಟ್ 14ರಂದು ಒಹಾಯೋದಲ್ಲಿ ವಿದ್ಯುತ್ ತಂತಿಗಳು ಮರಗಳಿಗೆ ತಾಗಿದವು; ನಿಯಂತ್ರಣ ಕೊಠಡಿಯ ಎಚ್ಚರಿಕೆ ವ್ಯವಸ್ಥೆ ಕೆಟ್ಟು ನಿಂತದ್ದು ಸಿಬ್ಬಂದಿಯ ಅರಿವಿಗೇ ಬರಲಿಲ್ಲ. ಅಮೆರಿಕ, ಕೆನಡಾಗಳ ಸುಮಾರು ಐದು ಕೋಟಿ ಜನರ ಮನೆಗಳಲ್ಲಿ ವಿದ್ಯುತ್ ಹೋಯಿತು.

ಆದರೆ ಇಂತಹ ಸಿದ್ಧತೆ ನಿಯಂತ್ರಣ ಕೊಠಡಿಯಲ್ಲೇ ನಿಂತುಬಿಡಬಾರದು. ಜಾಲದ ಕೊನೆಯ ಕೊಂಡಿ ನಮ್ಮ ಮನೆ. “ಲೋಡ್ ಶೆಡ್ಡಿಂಗ್ ಕಂಡು ಬೆಳೆದವರಿಗೆ ಇದೇನು ಹೊಸದು?” ಎಂದು ನಮ್ಮಲ್ಲಿ ಹಲವರು ನಗಬಹುದು. ಆ ಅನುಭವವೇ ಇಲ್ಲಿ ದಾರಿ ತಪ್ಪಿಸೀತು. ಊರಿನಲ್ಲಿ ಕರೆಂಟು ಹೋದರೆ ಫ್ಯಾನು ನಿಲ್ಲುತ್ತಿತ್ತು. ಒಲೆ ಉರಿಯುತ್ತಲೇ ಇತ್ತು, ಕಿಟಕಿ ತೆರೆದೇ ಇರುತ್ತಿತ್ತು. ಇಲ್ಲಿ ಗ್ಯಾಸಿನಿಂದ ಉರಿಯುವ ಫರ್ನೇಸಿಗೂ ಬಿಸಿಗಾಳಿಯನ್ನು ನೂಕಲು ವಿದ್ಯುತ್ತೇ ಬೇಕು. 2021ರ ಫೆಬ್ರವರಿಯ ಹಿಮಬಿರುಗಾಳಿಯಲ್ಲಿ 246 ಮಂದಿ ಸತ್ತರೆಂದು ಟೆಕ್ಸಾಸ್ ರಾಜ್ಯವೇ ಲೆಕ್ಕ ಕೊಟ್ಟಿದೆ. ಹೆಚ್ಚಿನವರನ್ನು ಕೊಂದದ್ದು ಚಳಿ. ಬೆಚ್ಚಗಿರಲು ಮಾಡಿಕೊಂಡ ಉಪಾಯಗಳಿಂದಲೇ ಕೆಲವರು ಕಾರ್ಬನ್ ಮಾನಾಕ್ಸೈಡ್ ಅನಿಲಕ್ಕೆ ಬಲಿಯಾದರು. ಅಗ್ಗಿಷ್ಟಿಕೆಯ ಕೆಂಡಕ್ಕೆ ಕೈಯೊಡ್ಡಿ ಬೆಳೆದ ನಮ್ಮ ಹಿರಿಯರಿಗೆ, ಗಾಳಿಯಾಡದ ಈ ಮನೆಗಳಲ್ಲಿ ಅದೇ ಕೆಂಡ ವಿಷವಾದೀತೆಂದು ನಾವು ತಿಳಿಸಿದ್ದೇವೆಯೇ?

ಆದ್ದರಿಂದ ಚಳಿಗಾಲಕ್ಕೆ ಮುನ್ನ ಒಂದು ಶನಿವಾರ ಸಂಜೆ, ಪ್ರತಿ ಸದಸ್ಯ ಕುಟುಂಬವೂ ಮೂರು ಗಂಟೆಗಳ ಕಾಲ ಮೇನ್ ಸ್ವಿಚ್ ಆರಿಸಿ ನೋಡಲಿ ಎಂಬುದು ನನ್ನ ಸಲಹೆ. ವೈದ್ಯಕೀಯ ಉಪಕರಣ ಬಳಸುವವರಿರುವ ಮನೆಗಳಲ್ಲಿ ದೀಪಗಳನ್ನಷ್ಟೇ ಆರಿಸಿದರೆ ಸಾಕು. ಗ್ಯಾರೇಜಿನ ಬಾಗಿಲನ್ನು ಕೈಯಿಂದ ತೆರೆಯಲು ಎಲ್ಲರಿಗೂ ಬರುತ್ತದೆಯೇ? ಇನ್ಸುಲಿನ್ನನ್ನು ತಂಪಾಗಿಡುವುದು ಹೇಗೆ? ಊರಿನಿಂದ ಬಂದಿರುವ ತಂದೆತಾಯಿಯರ ಕೈಗೆ ಸಿಗುವಂತೆ ಮಕ್ಕಳ, ನೆರೆಯ ಕನ್ನಡಿಗರ ದೂರವಾಣಿ ಸಂಖ್ಯೆಗಳನ್ನು ಕಾಗದದ ಮೇಲೆ, ಕನ್ನಡದಲ್ಲೇ ಬರೆದಿಟ್ಟಿದ್ದೇವೆಯೇ? ಒಂಟಿಯಾಗಿರುವ ಹಿರಿಯರನ್ನು ಯಾರು ವಿಚಾರಿಸಬೇಕೆಂಬ ಪಟ್ಟಿಯನ್ನು ಸಂಘವು ಬಡಾವಣೆವಾರು ಸಿದ್ಧಪಡಿಸಲಿ.

ದೀಪಾವಳಿಯ ಕಾರ್ಯಕ್ರಮಕ್ಕಾಗಿ ವಾರಗಟ್ಟಲೆ ತಾಲೀಮು ಮಾಡುವವರು ನಾವು. ಇದಕ್ಕೂ ಒಂದು ಸಂಜೆಯನ್ನು ಮೀಸಲಿಡೋಣ.