ವಾದ್ಯದ ಹದ, ಬೆರಳಿನ ಹಿತ

ಸದ್ಭಕ್ತರ ಎಷ್ಟೋ ಮನೆಗಳಲ್ಲಿ ಇಂದು ಹಾರ್ಮೋನಿಯಂ, ತಬಲಾಗಳ ಮಗ್ಗುಲಲ್ಲಿ ಎಲೆಕ್ಟ್ರಿಕ್ ಗಿಟಾರು ಸ್ಥಾನ ಪಡೆದಿದೆ. ಮಕ್ಕಳು ಹಂಬಲಿಸಿ ಕೊಂಡ ಆ ವಾದ್ಯವು ಕೆಲವೇ ತಿಂಗಳಲ್ಲಿ ಮೂಲೆ ಸೇರುವುದೂ ಉಂಟು. ಬೆರಳು ನೋಯುತ್ತವೆಂದು ಮಗು ಹೇಳಿದರೆ, ಶ್ರದ್ಧೆ ಸಾಲದೆಂದು ಹಿರಿಯರು ಗದರುತ್ತಾರೆ. ದೋಷವು ಮಗುವಿನದೋ ವಾದ್ಯದ್ದೋ ಎಂದು ಪರೀಕ್ಷಿಸುವವರು ವಿರಳ.

ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ನಗರದ ಟೋನಿ ಅಯೋಮಿಯವರು 1965ರಲ್ಲಿ, ತಮ್ಮ 17ನೆಯ ವಯಸ್ಸಿನಲ್ಲಿ, ತಗಡಿನ ಕಾರ್ಖಾನೆಯ ಯಂತ್ರಕ್ಕೆ ಸಿಲುಕಿ ಬಲಗೈಯ ಎರಡು ಬೆರಳುಗಳ ತುದಿಗಳನ್ನು ಕಳೆದುಕೊಂಡರು. ಎಡಗೈಯಿಂದ ಮೀಟುವ ಅವರಿಗೆ ತಂತಿಯನ್ನೊತ್ತಲು ಇದ್ದುದು ಆ ಬಲಗೈಯೇ. ಅವರು ಪ್ಲಾಸ್ಟಿಕ್ ಕರಗಿಸಿ ಬೆರಳುಗಳಿಗೆ ಟೊಪ್ಪಿಗೆ ಮಾಡಿಕೊಂಡು, ಮೇಲೆ ಚರ್ಮ ಅಂಟಿಸಿದರು. ದಪ್ಪ ತಂತಿಗಳನ್ನು ಬಿಟ್ಟು ತೆಳು ತಂತಿಗಳನ್ನು ಕಟ್ಟಿದರು. ಮುಂದೆ ಶ್ರುತಿಯನ್ನೂ ಇಳಿಸಿ ಬಿಗಿಯನ್ನು ಸಡಿಲಿಸಿದರು. ಅವರ ಸಂಗೀತದ ಅಬ್ಬರವು ನಮ್ಮ ಅಭಿರುಚಿಗೆ ಒಗ್ಗದಿರಬಹುದು. ಆದರೆ ಆ ವಿವೇಕವು ಗ್ರಾಹ್ಯವಾದುದು.

ಗಿಟಾರನ್ನು ಹದಗೊಳಿಸುವುದಕ್ಕೆ ಒಂದು ಕ್ರಮವಿದೆ. ಮೊದಲು ದಂಡಿಯ ಬಾಗನ್ನು ನೋಡಬೇಕು. ಒಂದು ತಂತಿಯನ್ನು ಮೊದಲ ಮತ್ತು ಕೊನೆಯ ಮೆಟ್ಟುಗಳಲ್ಲಿ ಒತ್ತಿ ಹಿಡಿದಾಗ ನಡುವೆ ತೆಳುವಾದ ಕಾರ್ಡು ನುಸುಳುವಷ್ಟು ಎಡೆಯಿರಬೇಕು. ಹೆಚ್ಚು ಕಡಿಮೆಯಿದ್ದರೆ ದಂಡಿಯೊಳಗಿನ ಉಕ್ಕಿನ ಸರಳನ್ನು ಒಮ್ಮೆಗೆ ಕಾಲು ಸುತ್ತಿಗಿಂತ ಹೆಚ್ಚು ತಿರುಗಿಸಲಾಗದು. ಮಳೆಗಾಲದ ತೇವಕ್ಕೆ ಮರವು ಉಬ್ಬುವುದರಿಂದ ಈ ಪರೀಕ್ಷೆಯನ್ನು ಋತು ಬದಲಾದಾಗ ಮತ್ತೆ ಮಾಡಬೇಕು. ಅನಂತರ ಕುದುರೆಯ ಎತ್ತರ: 12ನೆಯ ಮೆಟ್ಟಿನ ಮೇಲೆ ತಂತಿಯು ಸುಮಾರು ಒಂದೂವರೆಯಿಂದ ಎರಡು ಮಿಲಿಮೀಟರು ಎತ್ತರದಲ್ಲಿದ್ದರೆ ಸಾಕು. ಅತಿಯಾಗಿ ಇಳಿಸಿದರೆ ತಂತಿಯು ಮೆಟ್ಟಿಗೆ ತಾಗಿ ಗರಗರ ಎನ್ನುತ್ತದೆ. ಎಳೆಯ ಕೈಗಳಿಗೆ 0.010 ಅಂಗುಲದ ಬದಲು 0.009 ಅಂಗುಲದ ತಂತಿಯಿಂದ ಆರಂಭವಾಗುವ ಜೊತೆಯು ಹಿತಕರ. ಕೊನೆಗೆ ಶ್ರುತಿ: ಬಿಟ್ಟ ತಂತಿಯ ಸ್ವರವೇ 12ನೆಯ ಮೆಟ್ಟಿನಲ್ಲಿ ತಾರಸ್ಥಾಯಿಯಲ್ಲಿ ನುಡಿಯಬೇಕು. ತಲೆಯ ಬಳಿಯ ಪಟ್ಟಿಯ ಗಾಡಿಗಳನ್ನು ಆಳ ಮಾಡುವ ಕೆಲಸವನ್ನು ಮಾತ್ರ ನುರಿತ ಕೈಗೇ ಬಿಡುವುದು ಲೇಸು. ಒಮ್ಮೆ ಅರವಿದುದನ್ನು ಮರಳಿ ತುಂಬುವುದು ಕಷ್ಟ.

ಹೊಸದರಲ್ಲಿ ಬೆರಳತುದಿ ಉರಿಯುವುದು ಸಹಜ. ಚರ್ಮ ಗಟ್ಟಿಯಾದಂತೆ ಅದು ಅಡಗುತ್ತದೆ. ಮಣಿಕಟ್ಟು ನೋಯತೊಡಗಿದರೆ ಮಾತ್ರ ಕೂಡಲೆ ನಿಲ್ಲಿಸಬೇಕು.

ಉಳುವವನು ನೇಗಿಲನ್ನು ಎತ್ತಿನ ಎತ್ತರಕ್ಕೆ ಹೊಂದಿಸಿಕೊಂಡೇ ಹೊಲಕ್ಕಿಳಿಯುತ್ತಾನೆ. ನೇಯುವವನು ಮಗ್ಗವನ್ನು ಹದಗೊಳಿಸಿಕೊಂಡೇ ಲಾಳಿಯನ್ನೆಸೆಯುತ್ತಾನೆ. ಅದು ಸೋಮಾರಿತನವಲ್ಲ, ಕಾಯಕದ ಮೊದಲ ಹೆಜ್ಜೆ. ತನ್ನ ದೇಹವನ್ನೇ ವಾದ್ಯವಾಗಿಸಿ ನುಡಿಸೆಂದು ಬಸವಣ್ಣನವರು ದೇವರಲ್ಲಿ ಬೇಡಿದರು. ಅಂಥ ದೇಹವನ್ನು ವೃಥಾ ದಂಡಿಸುವುದು ಶರಣಪಥವಲ್ಲ. ಸಾಧನೆಗೆ ಶ್ರಮ ಬೇಕು, ನಿಜ. ಆದರೆ ವಾದ್ಯದ ದೋಷದಿಂದ ಬರುವ ನೋವು ಸಾಧನೆಯ ಲೆಕ್ಕಕ್ಕೆ ಸೇರದು. ಆದುದರಿಂದ ತಂದೆತಾಯಿಗಳಲ್ಲಿ ನಮ್ಮ ಬಿನ್ನಹವಿಷ್ಟೆ: ಮಗುವಿನ ಶ್ರದ್ಧೆಯನ್ನು ಶಂಕಿಸುವ ಮುನ್ನ ತಂತಿಯ ಎತ್ತರವನ್ನೊಮ್ಮೆ ಅಳೆಯಿರಿ.